ಮೂವತ್ತೇಳು ಮಂದಿಯ ಬಾಗಿಲಿಗೆ

ಜೂನ್ 26 ಮಾದಕ ವಸ್ತು ವಿರೋಧಿ ದಿನ. ವಿಶ್ವಸಂಸ್ಥೆ 1987ರಲ್ಲಿ ಈ ದಿನವನ್ನು ಗೊತ್ತುಮಾಡಿದ ಮೇಲೆ ಊರೂರಲ್ಲಿ ವಿದ್ಯಾರ್ಥಿಗಳ ಜಾಥಾ ಹೊರಡುವುದು ವಾಡಿಕೆಯಾಗಿದೆ. ರಾಮನಗರದ ಐಜೂರು ವೃತ್ತವಾಗಲಿ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪೇಟೆ ಬೀದಿಯಾಗಲಿ, ಸಮವಸ್ತ್ರ ತೊಟ್ಟು ಫಲಕ ಹಿಡಿದು ಬಿಸಿಲಲ್ಲಿ ಕೂಗುತ್ತಾ ಹೋಗುವ ಹುಡುಗ ಹುಡುಗಿಯರ ಕಾಳಜಿ ಪ್ರಾಮಾಣಿಕವಾದದ್ದು. ಆ ಕಾಳಜಿಯನ್ನು ನಂಬಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಜಾಥಾ ಮುಗಿಯುವ ವೃತ್ತದಿಂದ ಮುಂದಕ್ಕೆ, ಕೇರಿಗಳ ಒಳಕ್ಕೆ, ಮನೆಗಳ ಬಾಗಿಲವರೆಗೆ ನೀವು ಬರಬೇಕು.

ಕುಡಿತ ಕೆಟ್ಟದ್ದು ಎಂದು ಗೊತ್ತಿಲ್ಲದವರು ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರಿದ್ದಾರೆ? ಕುಡಿಯುವವನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವನ ಹೆಂಡತಿಗೆ ಗೊತ್ತು, ಅಪ್ಪ ಯಾವ ನಡಿಗೆಯಲ್ಲಿ ಬರುತ್ತಿದ್ದಾನೆಂದು ದೂರದಿಂದಲೇ ಅಳೆಯುವ ಮಗುವಿಗೂ ಗೊತ್ತು. ಅವರಾರಿಗೂ ಗೊತ್ತಿಲ್ಲದ ಸಂಗತಿ ಬೇರೆಯೇ ಇದೆ. ಚಟ ಒಂದು ಕಾಯಿಲೆ, ಅದಕ್ಕೆ ಔಷಧಿ ಇದೆ, ಆ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ, ಹೋಗಿ ಕೇಳುವುದರಿಂದ ಮಾನ ಹೋಗುವುದಿಲ್ಲ ಎಂಬುದು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ವರದಿ 2019ರಲ್ಲಿ ಬಂತು. ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಅವರಲ್ಲಿ ಕುಡಿತದಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ಸುಮಾರು 5.7 ಕೋಟಿ ಎಂದು ಅದು ಹೇಳಿತು. ಅದೇ ವರದಿಯ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಯಾವುದಾದರೂ ಒಂದು ಬಗೆಯ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ಉಳಿದ 37 ಮಂದಿ ಮನೆಯಲ್ಲೇ, ಜಗುಲಿಯಲ್ಲೇ, ಅಂಗಡಿ ಮುಂದಿನ ಚರಂಡಿ ಪಕ್ಕದಲ್ಲೇ ಉಳಿದುಬಿಟ್ಟರು. ವಿದ್ಯಾರ್ಥಿಗಳೇ, ನಿಮ್ಮ ಕೆಲಸ ಆ ಮೂವತ್ತೇಳು ಮಂದಿಯ ಬಾಗಿಲಲ್ಲಿ ಇದೆ.

ಈ ಕೆಲಸಕ್ಕೆ ವೈದ್ಯರು ಸಾಲುವುದಿಲ್ಲ, ಪೊಲೀಸರು ಒದಗುವುದಿಲ್ಲ, ಭಾಷಣಕಾರರು ಬೇಕಾಗಿಲ್ಲ. ನೀವೇ ಆಗಬೇಕು, ಯಾಕೆಂದರೆ ನೀವು ಅದೇ ಮನೆಗಳಿಂದ ಬಂದವರು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದ ಈ ಜಿಲ್ಲೆಯ ಪದವಿ ತರಗತಿಗಳಲ್ಲಿ ಕೂತಿರುವವರು ರೇಷ್ಮೆ ಬೆಳೆಗಾರರ ಮಕ್ಕಳು, ನೂಲು ಬಿಚ್ಚುವವರ ಮಕ್ಕಳು, ಬೊಂಬೆ ಮಾಡುವವರ ಮಕ್ಕಳು, ಕಲ್ಲುಗಣಿಗೆ ಹೋಗುವವರ ಮಕ್ಕಳು, ಬಿಡದಿಯ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರ ತಮ್ಮ ತಂಗಿಯರು. ಹುಳು ಮೇಯಿಸಿ, ನಿದ್ದೆಗೆಟ್ಟು, ಚಂದ್ರಿಕೆಗೆ ಹಾಕಿ, ಗೂಡು ಬಿಡಿಸಿ, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿಸಿದ ದಿನ ಮನೆಯಲ್ಲಿ ಹಬ್ಬವಾಗಬೇಕು. ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ಎದೆ ಹೊಡೆದುಕೊಳ್ಳುವುದು ಅದೇ ದಿನ. ಹೊರಗಿನಿಂದ ಬರುವ ಸಲಹೆಗಾರನಿಗೆ ಇದು ಅರ್ಥವಾಗಲು ವರ್ಷ ಬೇಕು. ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಕಾಯಿಲೆಯನ್ನು ತಿಳಿದುಕೊಳ್ಳಿ. ಗೊತ್ತಿಲ್ಲದೆ ಹೋದರೆ ನಿಮ್ಮ ಒಳ್ಳೆಯ ಮನಸ್ಸೇ ಯಾರಿಗಾದರೂ ಅಪಾಯ ತಂದೀತು. ಚನ್ನಪಟ್ಟಣದ ಚಕ್ರದ ಮುಂದೆ ಕೂತು ಹಾಲೆ ಮರದ ತುಂಡಿಗೆ ಉಳಿ ಹಿಡಿಯುವ ಕುಶಲಕರ್ಮಿಯನ್ನು ಎಣಿಸಿಕೊಳ್ಳಿ. ಆ ಕೈಯ ಅಳತೆಗೆ 2005–06ರ ಹೊತ್ತಿಗೇ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಲೋಕವೆಲ್ಲ ಆ ಬೊಂಬೆಯನ್ನು ಮೆಚ್ಚಿದೆ. ಅಂಥ ಕೈ ಬೆಳಗಿನ ಹೊತ್ತು ನಡುಗತೊಡಗಿದರೆ ಏನಾಗುತ್ತದೆ? ಉಳಿ ಜಾರುತ್ತದೆ, ಅರಗಿನ ಬಣ್ಣ ಕದಡುತ್ತದೆ. ಒಂದು ನೈಂಟಿ ಹಾಕಿದರೆ ನಡುಕ ನಿಲ್ಲುತ್ತದೆ. ನೋಡುವವರು, ‘ಬೆಳ್ಳಂಬೆಳಗ್ಗೆ ಶುರು ಹಚ್ಕೊಂಡ, ಇವನು ಉದ್ಧಾರ ಆಗಲ್ಲ’ ಎನ್ನುತ್ತಾರೆ. ಅಲ್ಲಿ ನಡೆಯುತ್ತಿರುವುದು ಮೋಜಲ್ಲ. ವರ್ಷಾನುಗಟ್ಟಲೆ ಮದ್ಯಕ್ಕೆ ಹೊಂದಿಕೊಂಡ ಮಿದುಳಿಗೆ ಅದು ಸಿಗದೆ ಹೋದಾಗ ನರಗಳು ಹುಚ್ಚೆದ್ದು ಕುಣಿಯುತ್ತವೆ. ಕೊನೆಯ ಸಲ ಕುಡಿದ ಆರೆಂಟು ಗಂಟೆಗೆ ಕೈ ನಡುಕ, ಬೆವರು, ಗಾಬರಿ ಶುರುವಾಗಬಹುದು. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದಂತಾಗುತ್ತದೆ. ಇಲ್ಲದವರು ಕಾಣುತ್ತಾರೆ, ಇಲ್ಲದ ಮಾತು ಕೇಳುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ.

ಆದ್ದರಿಂದ ದಿನವೂ ಕುಡಿಯುವವರಿಗೆ ‘ಇವತ್ತಿಂದ ಮುಟ್ಟಲ್ಲ ಅಂತ ದೇವರ ಮುಂದೆ ಆಣೆ ಇಡು’ ಎಂದು ಹೇಳಿ ಬರಬೇಡಿ. ಕೋಣೆಯಲ್ಲಿ ಕೂಡಿಹಾಕುವ ಮನೆಯವರನ್ನು ಕಂಡರೆ ತಡೆಯಿರಿ. ನಿಲ್ಲಿಸುವ ಮೊದಲ ವಾರ ವೈದ್ಯರ ಕಣ್ಣಳತೆಯಲ್ಲೇ ಆಗಬೇಕು. ನಡುಕ, ಫಿಟ್ಸ್ ತಡೆಯುವ ಮಾತ್ರೆಗಳಿವೆ, ಬಿ1 ಜೀವಸತ್ವ ಕೊಡಬೇಕಾಗುತ್ತದೆ, ಆಮೇಲೆ ಹಂಬಲ ಕಡಿಮೆ ಮಾಡುವ ಔಷಧಿಗಳಿವೆ. ಇನ್ನೊಂದು ಮಾತನ್ನು ಪ್ರತಿ ಮನೆಯಲ್ಲೂ ಹೇಳಲೇಬೇಕು. ‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಎಂಬ ಜಾಹೀರಾತು ನಂಬಿ ಸಾರಿನಲ್ಲಿ ಮಾತ್ರೆ ಪುಡಿ ಬೆರೆಸುವ ತಾಯಂದಿರಿದ್ದಾರೆ. ಡೈಸಲ್ಫಿರಾಮ್ ಎಂಬ ಮಾತ್ರೆ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾವೂ ಬರಬಹುದು. ಒಪ್ಪಿಗೆಯಿಂದ, ವೈದ್ಯರ ಎದುರು ಕೊಟ್ಟಾಗ ಅದು ಔಷಧಿ. ಗುಟ್ಟಾಗಿ ಕೊಟ್ಟರೆ ವಿಷಕ್ಕೆ ಸಮ. ಆ ತಾಯಿಯನ್ನು ಗದರಬೇಡಿ. ಬೇರೆ ದಾರಿ ಇದೆಯೆಂದು ಆಕೆಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ದಾರಿ ದೂರದಲ್ಲೂ ಇಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಟಿದೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಯಾವ ಮಂಗಳವಾರ, ಎಷ್ಟು ಗಂಟೆಗೆ, ಯಾವ ಕೊಠಡಿ ಎಂದು ಮೊದಲೇ ಹೋಗಿ ಕೇಳಿ ಬರೆದುಕೊಂಡು ಬನ್ನಿ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಬೆಳಗಿನ ರೈಲು ಹತ್ತಿದರೆ ರಾಮನಗರ, ಚನ್ನಪಟ್ಟಣದವರು ಹೋಗಿ ಸಂಜೆಗೆ ವಾಪಸು ಬರಬಹುದು. ಮದ್ಯ, ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಯಾವುದೇ ಸಂಕಟಕ್ಕೆ, ಹಗಲು ರಾತ್ರಿ ಎನ್ನದೆ, ಕನ್ನಡದಲ್ಲೇ ಮಾತಾಡಬಹುದಾದ ಟೆಲಿ-ಮಾನಸ್ 14416. ಇದು 2022ರ ಅಕ್ಟೋಬರ್ 10ರಂದು ಶುರುವಾಯಿತು. ಕುಡಿದು ಬಂದವನು ಹೊಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಫಲಕದ ಮೇಲೆ ಪ್ರಾಸಬದ್ಧ ಘೋಷಣೆ ಬರೆಯುವ ಜಾಗದಲ್ಲಿ ಈ ನಾಲ್ಕು ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಹಾಲಿನ ಡೇರಿಯ ಗೋಡೆಗೆ, ನ್ಯಾಯಬೆಲೆ ಅಂಗಡಿಗೆ, ಗೂಡಿನ ಮಾರುಕಟ್ಟೆಯ ಬಾಗಿಲಿಗೆ ಅನುಮತಿ ಕೇಳಿ ಅಂಟಿಸಿ.

ಗಾಂಜಾ ಅಥವಾ ಮಾತ್ರೆಯ ಚಟವಿದ್ದವರು ಆಸ್ಪತ್ರೆಗೆ ಬರಲು ಹೆದರುವುದು ಪೊಲೀಸರಿಗೆ. ಇಲ್ಲಿ ಕಾನೂನನ್ನು ತಿಳಿದುಕೊಂಡು ಹೇಳಿ. 1985ರ ಮಾದಕ ವಸ್ತು ಕಾಯ್ದೆಯ 64ಎ ಸೆಕ್ಷನ್, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹೋಗಬಹುದು. ಮಾರುವವನಿಗೆ ಈ ರಿಯಾಯಿತಿ ಇಲ್ಲ. ಸಿಕ್ಕಿಬಿದ್ದ ಹುಡುಗನಿಗೂ ಸಾಗಿಸುವ ಜಾಲಕ್ಕೂ ಇರುವ ಈ ವ್ಯತ್ಯಾಸ ಊರಿಗೆ ಗೊತ್ತಾದರೆ ಎಷ್ಟು ಮಂದಿ ತಾಯಂದಿರು ಮುಚ್ಚಿಟ್ಟ ಸಂಗತಿಯನ್ನು ಬಾಯಿ ಬಿಟ್ಟು ಹೇಳುತ್ತಾರೋ!

ನಮ್ಮ ನಾಡಿನಲ್ಲಿ ಈ ಕೆಲಸ ಹೊಸದಲ್ಲ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಅವರು ಬೇಡಿದ್ದು ಕಾಳು ಕಡ್ಡಿಯನ್ನಲ್ಲ, ಜನರ ದುಶ್ಚಟಗಳನ್ನು. ಬೀಡಿ ಕಟ್ಟು, ಗುಟ್ಕಾ ಚೀಟಿ, ಬಾಟಲಿ ಎಲ್ಲವೂ ಆ ಜೋಳಿಗೆಗೆ ಬಿದ್ದವು. ದಶಕಗಟ್ಟಲೆ ನಡೆದ ಆ ತಿರುಗಾಟ ‘ಮಹಾಂತ ಜೋಳಿಗೆ’ ಎಂದೇ ಹೆಸರಾಯಿತು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಬೇಡಲು ಬಂದವರ ಮುಂದೆ ನಮ್ಮ ಜನ ಬಾಗಿಲು ಹಾಕುವುದಿಲ್ಲ ಎಂಬ ನಂಬಿಕೆಯೇ ಅವರ ಬಂಡವಾಳ. ಮಾಗಡಿಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕೆ? ನಿಮ್ಮದೇ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ 1930ರಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಯ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳೂ ಜೋಳಿಗೆ ಹಿಡಿದೇ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ಹೊಣೆ ಹೆಗಲಿಗೆ ಬಿದ್ದಾಗ ಅವರಿಗೆ ನಿಮ್ಮಷ್ಟೇ ವಯಸ್ಸು.

ಇನ್ನೊಂದು ಉದಾಹರಣೆ ನೆರೆಯ ಆಂಧ್ರದ್ದು. ವಿದ್ಯಾರ್ಥಿಗಳಿಗೆ ಅದು ಇನ್ನೂ ಹತ್ತಿರವಾದದ್ದು. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಸಂಜೆ ಲಾಟೀನು ಬೆಳಕಿನಲ್ಲಿ ಅಕ್ಷರ ಕಲಿಯುತ್ತಿದ್ದ ಕೂಲಿ ಹೆಂಗಸರಿಗೆ ಪಾಠದಲ್ಲಿ ಗಂಡನ ಕುಡಿತದಿಂದ ನೊಂದ ಹೆಣ್ಣಿನ ಕಥೆ ಬಂತು. ಪಾಠ ಹೇಳಿಕೊಡುತ್ತಿದ್ದ ಕಾರ್ಯಕರ್ತರು ಭಾಷಣ ಮಾಡಲಿಲ್ಲ, ಹೆಂಗಸರೇ ಮಾತಾಡತೊಡಗಿದರು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಕಿಡಿ ಊರಿಂದೂರಿಗೆ ಹಾರಿತು. 1993ರಲ್ಲಿ ಆ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅಕ್ಷರ ಕಲಿಸಲು ಹೋದ ಯುವಜನರು ಹೆಂಗಸರಿಗೆ ಕೂತು ಮಾತಾಡಲು ಒಂದು ಜಾಗ ಮಾಡಿಕೊಟ್ಟಿದ್ದರು. ನೀವೂ ಅಂಥ ಜಾಗ ಮಾಡಿಕೊಡಬಲ್ಲಿರಿ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಿದೆ, ಅಂಗನವಾಡಿಯಿದೆ, ಆಶಾ ಕಾರ್ಯಕರ್ತೆಯ ಪರಿಚಯವಿದೆ. ಹೋಗಿ ಕೂತುಕೊಳ್ಳಿ. ಮೊದಲ ಸಭೆಯಲ್ಲಿ ಕೇಳಿಸಿಕೊಳ್ಳುವುದಷ್ಟೇ ನಿಮ್ಮ ಕೆಲಸವಾಗಿರಲಿ.

ನಮ್ಮ ರಾಜ್ಯದಲ್ಲೂ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅಂದಿನ ಮುಖ್ಯಮಂತ್ರಿ ರಾಮನಗರ ಕ್ಷೇತ್ರದ ಶಾಸಕರೇ ಆಗಿದ್ದರು. ಸಾರಾಯಿ ಪ್ಯಾಕೆಟ್ಟು ಹೋದದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ಚಟ ಮಾತ್ರ ಪ್ಯಾಕೆಟ್ಟಿನ ಜೊತೆ ಹೋಗಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಆಸುಪಾಸು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಅಂಗಡಿ ಮುಚ್ಚಿದ ಮೇಲೆ ಕುಡಿಯುವವನ ಕೈ ಹಿಡಿಯಲು ಯಾರೂ ಇರಲಿಲ್ಲ. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ನಡೆದುಕೊಂಡು ಬಂದರು. ಅವರ ಬೇಡಿಕೆ ನ್ಯಾಯವಾದದ್ದು. ಆದರೆ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡ ಸರ್ಕಾರ ನಾಳೆ ಬೆಳಗ್ಗೆ ಅಂಗಡಿಗಳಿಗೆ ಬೀಗ ಹಾಕೀತೆಂದು ಕಾಯುತ್ತಾ ಕೂರುವಂತಿಲ್ಲ. ಕಾಯುವಷ್ಟು ಕಾಲ ನಮ್ಮ ಹಳ್ಳಿಯ ಲಿವರುಗಳಿಗೆ ಇಲ್ಲ.

ಈಗ ಮನೆಯ ಬಾಗಿಲಿನ ಮಾತು. ಇಬ್ಬರು ಮೂವರು ಒಟ್ಟಾಗಿ ಹೋಗಿ, ಆಶಾ ಕಾರ್ಯಕರ್ತೆ ಜೊತೆಗಿರಲಿ. ಸಂಜೆ ಹೋಗಬೇಡಿ, ಕುಡಿದಿರುವಾಗ ಮಾತು ಬೆಳೆಸಬೇಡಿ, ಬೆಳಗಿನ ಹೊತ್ತು ಹೋಗಿ. ‘ಕುಡುಕ’ ಎಂಬ ಮಾತು ಬಾಯಿಂದ ಬರಕೂಡದು. ‘ಅಣ್ಣಾ, ಮೈ ಹೆಂಗಿದೆ? ರಾತ್ರಿ ನಿದ್ದೆ ಬರ್ತದಾ?’ ಎಂದು ಶುರು ಮಾಡಿ. ಅಮೆರಿಕದ ಮನೋವೈದ್ಯ ಜಾನ್ ಯೂಯಿಂಗ್ ರೂಪಿಸಿದ ನಾಲ್ಕು ಸರಳ ಪ್ರಶ್ನೆಗಳನ್ನು ಲೋಕದ ವೈದ್ಯರು ಇಂದಿಗೂ ಬಳಸುತ್ತಾರೆ. ಕಡಿಮೆ ಮಾಡಬೇಕು ಅಂತ ಯಾವತ್ತಾದರೂ ಅನಿಸಿದೆಯಾ? ಬೇರೆಯವರು ನಿಮ್ಮ ಕುಡಿತದ ಬಗ್ಗೆ ಆಡಿಕೊಂಡಾಗ ಸಿಟ್ಟು ಬಂದಿದೆಯಾ? ತಪ್ಪು ಮಾಡ್ತಿದ್ದೀನಿ ಅಂತ ಮನಸ್ಸು ಚುಚ್ಚಿದೆಯಾ? ಬೆಳಗ್ಗೆ ಎದ್ದ ಕೂಡಲೇ ಕೈ ನಡುಕಕ್ಕೆ, ತಲೆಭಾರಕ್ಕೆ ಅಂತ ಕುಡಿದದ್ದುಂಟಾ? ಎರಡಕ್ಕೆ ‘ಹೂಂ’ ಎಂದರೆ ವೈದ್ಯರನ್ನು ಕಾಣಬೇಕು ಎಂದು ಅರ್ಥ. ರೋಗ ಯಾವುದೆಂದು ತೀರ್ಮಾನಿಸುವುದು ವೈದ್ಯರಿಗೆ ಬಿಟ್ಟದ್ದು. ನೀವು ಆಸ್ಪತ್ರೆಯವರೆಗೆ ಜೊತೆಗಿರಿ. ಚೀಟಿ ಮಾಡಿಸುವ ಸಾಲಿನಲ್ಲಿ ನಿಂತುಕೊಳ್ಳಿ, ಔಷಧಿಯನ್ನು ಎಷ್ಟು ಹೊತ್ತಿಗೆ ತಗೋಬೇಕೆಂದು ಆತನ ಹೆಂಡತಿಗೆ ಮತ್ತೊಮ್ಮೆ ಬಿಡಿಸಿ ಹೇಳಿ. ಕಾಲೇಜು ಮೆಟ್ಟಿಲು ಹತ್ತಿದ ಒಬ್ಬ ಹುಡುಗಿ ಪಕ್ಕದಲ್ಲಿದ್ದಾಳೆಂಬ ಧೈರ್ಯಕ್ಕೇ ಆಸ್ಪತ್ರೆಯ ಒಳಗೆ ಕಾಲಿಡುವವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಮತ್ತೆ ಫೋಟೋ ಬೇಡ. ಇದನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ವರದಿಗೆ, ಸ್ಟೇಟಸ್ಸಿಗೆ, ಪತ್ರಿಕೆಯ ಮೂರನೇ ಪುಟಕ್ಕೆ ಎಂದು ಚಿಕಿತ್ಸೆಗೆ ಬಂದವನ ಮುಖ ತೋರಿಸುವುದು ಆತನಿಗೆ ಬಗೆಯುವ ದ್ರೋಹ. ಮೂವತ್ತೇಳು ಮಂದಿ ಮನೆಯಲ್ಲೇ ಉಳಿಯಲು ಮೊದಲ ಕಾರಣ ನಾಚಿಕೆ. ಆ ನಾಚಿಕೆಗೆ ನೀವು ಇನ್ನಷ್ಟು ಸೇರಿಸಬಾರದು. ಹೆಸರು, ಬೀದಿ, ಜಾತಿ ಯಾವುದನ್ನೂ ಹಾಸ್ಟೆಲ್ ಕೋಣೆಯಲ್ಲೂ ಬಾಯಿ ಬಿಡಬೇಡಿ.

ಬಿಟ್ಟವನು ಮತ್ತೆ ಕುಡಿಯುತ್ತಾನೆ. ಇದಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಹಬ್ಬದ ಊಟದ ಮರುದಿನ ಸಕ್ಕರೆ ಏರಿದರೆ ನಾವು ಔಷಧಿ ನಿಲ್ಲಿಸುವುದಿಲ್ಲ, ಮತ್ತೆ ವೈದ್ಯರ ಬಳಿ ಕಳಿಸುತ್ತೇವೆ. ಇಲ್ಲೂ ಹಾಗೆಯೇ. ಕೆಂಗಲ್ ಜಾತ್ರೆ ಬರುತ್ತದೆ, ಕಬ್ಬಾಳಮ್ಮನ ಹರಕೆಯ ಬಾಡೂಟ ಬರುತ್ತದೆ, ನೆಂಟರ ಮನೆಯ ಮದುವೆ ಬರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಚುನಾವಣೆ ಬರುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರದ ಬಳಿಕ ಬಿಟ್ಟವರನ್ನೆಲ್ಲ ನವಜೀವನ ಸಮಿತಿಗಳಲ್ಲಿ ಕೂಡಿಸುವುದು ಇದೇ ಕಾರಣಕ್ಕೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ವ್ಯಸನಿಗಳು ಒಬ್ಬರಿಗೊಬ್ಬರು ಆಸರೆಯಾಗಿ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇಂದು ಲೋಕವೆಲ್ಲ ಹಬ್ಬಿರುವುದೂ ಇದಕ್ಕೇ. ಬಿಟ್ಟವನಿಗೆ ಬಿಟ್ಟವರ ಗೆಳೆತನ ಬೇಕು.

ಇಲ್ಲಿಯೇ ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರಿಗೆ ನನ್ನ ನೇರ ಬಿನ್ನಹ. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ನಿಮ್ಮದು. ‘ನನಗಲ್ಲ, ನಿನಗೆ’ ಎಂಬುದು ನಿಮ್ಮ ಧ್ಯೇಯವಾಕ್ಯ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ನೀವು ಸಮಾಜಕ್ಕೆ ಕೊಡುತ್ತೀರಿ. ಅದರ ಜೊತೆ ಏಳು ದಿನದ ವಿಶೇಷ ಶಿಬಿರ. ಶಿಬಿರದಲ್ಲಿ ಚರಂಡಿ ಸ್ವಚ್ಛ ಮಾಡುತ್ತೀರಿ, ಶಾಲೆಗೆ ಸುಣ್ಣ ಬಳಿಯುತ್ತೀರಿ, ಕೊನೆಯ ರಾತ್ರಿ ಹಾಡಿ ಕುಣಿದು, ಕಣ್ಣೀರು ಹಾಕಿ ಬಸ್ಸು ಹತ್ತುತ್ತೀರಿ. ಊರು ಅಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಇನ್ನೊಂದು ಊರು. ವ್ಯಸನದ ಕೆಲಸಕ್ಕೆ ಇದು ಒಗ್ಗದು. ಒಂದೇ ಊರನ್ನು ಎರಡು ವರ್ಷ ಹಿಡಿಯಿರಿ. ಶಿಬಿರದ ಏಳು ದಿನ ಪರಿಚಯಕ್ಕೆ, ಉಳಿದ ಗಂಟೆಗಳೆಲ್ಲ ಮತ್ತೆ ಮತ್ತೆ ಹೋಗುವುದಕ್ಕೆ. ನಿಮ್ಮ ತಂಡ ಪದವಿ ಮುಗಿಸಿದಾಗ ಕಿರಿಯರ ಕೈಗೆ ಆ ಊರನ್ನು ಒಪ್ಪಿಸಿ ಹೋಗಿ. ಗಾಂಧಿವಾದಿ ಎಸ್. ಕರಿಯಪ್ಪನವರು ಗ್ರಾಮೀಣ ಮಕ್ಕಳಿಗಾಗಿ ವಿದ್ಯಾಸಂಸ್ಥೆ ಕಟ್ಟಿದ ಕನಕಪುರದಲ್ಲಿ ಇದನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ.

ನಿಮ್ಮ ಓರಗೆಯವರ ವಿಷಯಕ್ಕೆ ಬರುತ್ತೇನೆ. ದೊಡ್ಡವರ ಬಾಟಲಿಯಷ್ಟೇ ನಮ್ಮ ಚಿಂತೆಯಲ್ಲ. ಬಸ್ ನಿಲ್ದಾಣದ ಹಿಂದೆ, ಕೆರೆ ಏರಿ ಮೇಲೆ, ಬೆಟ್ಟದ ಬುಡದಲ್ಲಿ ನಡೆಯುವುದೂ ನಿಮಗೆ ಗೊತ್ತು. ಹುಟ್ಟುಹಬ್ಬದ ಪಾರ್ಟಿಯ ಮೊದಲ ಬಿಯರು, ‘ಒಂದೇ ಒಂದು ಎಳಿ ಮಗಾ’ ಎಂದು ಕೊಟ್ಟ ಸೊಪ್ಪು, ನೋವಿನ ಮಾತ್ರೆ, ಪಂಚರ್ ಹಾಕುವ ಸಲ್ಯೂಷನ್, ವೈಟ್ನರ್. ಅದೇ 2019ರ ವರದಿಯ ಪ್ರಕಾರ, ಮೂಸುವ ಚಟ ಒಂದರಲ್ಲಿ ಮಾತ್ರ ಮಕ್ಕಳು ದೊಡ್ಡವರನ್ನು ಮೀರಿಸಿದ್ದಾರೆ. 10ರಿಂದ 17 ವರ್ಷದ ಮಕ್ಕಳಲ್ಲಿ ಶೇ 1.17ರಷ್ಟು ಅಂಥ ವಸ್ತು ಮೂಸಿದವರು ಸಿಕ್ಕರು, ದೊಡ್ಡವರಲ್ಲಿ ಅದು ಶೇ 0.6ರ ಆಸುಪಾಸು. ತಂಬಾಕಿನ ಲೆಕ್ಕ ಇನ್ನೂ ದೊಡ್ಡದು. 2016–17ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. ಗುಟ್ಕಾ 2013ರಲ್ಲೇ ರಾಜ್ಯದಲ್ಲಿ ನಿಷೇಧವಾಯಿತು. ಈಗ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಬೆರೆಸಿಕೊಳ್ಳುವ ಕೆಲಸ ಹುಡುಗನ ಅಂಗೈಗೆ ಬಿಟ್ಟದ್ದು. 

ಈ ಓರಗೆಯವರನ್ನು ಹೆದರಿಸಿ ತಡೆಯಲಾಗದು. ಅಮೆರಿಕದಲ್ಲಿ 1983ರಿಂದ ಪೊಲೀಸರೇ ತರಗತಿಗೆ ಬಂದು ಮಾದಕ ವಸ್ತುಗಳ ವಿರುದ್ಧ ಪಾಠ ಹೇಳುವ ಡೇರ್ ಎಂಬ ಕಾರ್ಯಕ್ರಮ ಭಾರಿ ಪ್ರಮಾಣದಲ್ಲಿ ನಡೆಯಿತು. ಹಲವು ಅಧ್ಯಯನಗಳನ್ನು ನೋಡಿದರೆ, ಪಾಠ ಕೇಳಿದವರಿಗೂ ಕೇಳದವರಿಗೂ ಹೆಚ್ಚಿನ ವ್ಯತ್ಯಾಸವೇ ಕಾಣಲಿಲ್ಲ. ಐಸ್‌ಲ್ಯಾಂಡ್ ಬೇರೆ ದಾರಿ ಹಿಡಿಯಿತು. ಅದರ ಜನಸಂಖ್ಯೆ ನಮ್ಮ ಜಿಲ್ಲೆಯ ಮೂರನೇ ಒಂದು ಭಾಗದಷ್ಟು. 1998ರಲ್ಲಿ ಅಲ್ಲಿನ 15–16 ವರ್ಷದವರಲ್ಲಿ ಶೇ 42 ಮಂದಿ ಹಿಂದಿನ ತಿಂಗಳು ಕುಡಿದು ಮತ್ತರಾಗಿದ್ದರು, 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ಅವರು ಮಕ್ಕಳಿಗೆ ಆಟ, ಸಂಗೀತ, ನೃತ್ಯಗಳ ತರಬೇತಿಯನ್ನು ಎಟುಕುವಂತೆ ಮಾಡಿದರು, ಅದಕ್ಕೆ ಹಣ ಕೊಟ್ಟರು, ಸಂಜೆಯ ಹೊತ್ತು ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಇರುವಂತೆ ಊರಿಡೀ ಒಪ್ಪಂದ ಮಾಡಿಕೊಂಡರು. ನಮ್ಮಲ್ಲಿ ಹಣ ಕಡಿಮೆ ಇರಬಹುದು, ಆದರೆ ಸಂಜೆ ತುಂಬಿಸುವ ಸಾಮಗ್ರಿಗೆ ಬರವಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹೆದ್ದಾರಿ ಬದಿಯಲ್ಲೇ ಇದೆ. ಪೂಜಾ ಕುಣಿತ, ಪಟ ಕುಣಿತ, ತಮಟೆ ಕಲಿಸಬಲ್ಲ ಹಿರಿಯರು ಊರೂರಲ್ಲಿದ್ದಾರೆ. ಕಬಡ್ಡಿ ಅಂಕಣ ಅಗೆಯಲು ಗುದ್ದಲಿ ಸಾಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಸಂಜೆ ಎರಡು ಗಂಟೆ ತೆರೆದಿರುವಂತೆ ನೀವೇ ಸರದಿ ಹಾಕಿಕೊಳ್ಳಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಫೇಲಾದ ಹುಡುಗನನ್ನು ಮೊದಲು ಹುಡುಕಿ. ಫಲಿತಾಂಶ ಬಂದ ವಾರ ಅವನ ಮನೆಗೆ ಹೋಗಿ, ಮುಂದಿನ ಪರೀಕ್ಷೆಗೆ ಕೂರಿಸಿ. ನೀವು ಹೋಗದಿದ್ದರೆ ಆ ವಾರ ಅವನ ಹತ್ತಿರ ಹೋಗುವವರು ಬೇರೆಯವರಿದ್ದಾರೆ.

ಅಂಗಡಿಗಳ ಮಾತನ್ನೂ ಬಿಡುವಂತಿಲ್ಲ. ಪರವಾನಗಿಯಿಲ್ಲದೆ ಚಿಲ್ಲರೆ ಅಂಗಡಿಯಲ್ಲಿ ಬಾಟಲಿ ಮಾರುವುದು ಅಪರಾಧ, ಮಕ್ಕಳ ಕೈಗೆ ಮದ್ಯ, ಮಾದಕ ವಸ್ತು ಕೊಟ್ಟರೆ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಆದರೂ ಮಾರುವವನ ಜೊತೆ ನೀವು ನೇರವಾಗಿ ಜಗಳಕ್ಕಿಳಿಯಬಾರದು, ಅದು ನಿಮ್ಮ ಜೀವದ ಪ್ರಶ್ನೆ. ಊರಿನ ಹೆಂಗಸರು ಗ್ರಾಮಸಭೆಯಲ್ಲಿ ಎದ್ದು ನಿಲ್ಲಲಿ, ಠರಾವು ಬರೆಯಲು ನೀವು ನೆರವಾಗಿ, ಅದರ ಪ್ರತಿಯನ್ನು ಅಬಕಾರಿ ಕಚೇರಿಗೂ ಪೊಲೀಸ್ ಠಾಣೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ರಾಜ್ಯದಲ್ಲಿ 2006ರಿಂದ ಮಕ್ಕಳ ಗ್ರಾಮಸಭೆಗಳು ನಡೆಯುತ್ತಿವೆ. ಅಲ್ಲಿ ಐದನೇ ತರಗತಿಯ ಮಗು ಎದ್ದು, ‘ನಮ್ಮ ಶಾಲೆ ಪಕ್ಕದ ಅಂಗಡೀಲಿ ಎಣ್ಣೆ ಮಾರ್ತಾರೆ’ ಎಂದರೆ ಯಾವ ಅಧ್ಯಕ್ಷರೂ ಮುಖ ತಿರುಗಿಸಲಾರರು. ಮಾತಾಡಲು ಮಕ್ಕಳನ್ನು ತಯಾರು ಮಾಡುವುದು ನಿಮ್ಮ ಕೈಯಲ್ಲಿದೆ. ಇನ್ನು ಚುನಾವಣೆ. ಮನೆಮನೆಗೆ ಬಾಟಲಿ ಹಂಚುವ ಕೈಗಳು ಹೆಚ್ಚಾಗಿ ಯುವಕರವೇ. ಯಾವ ಪಕ್ಷವಾದರೂ ಸರಿ, ನಿಮ್ಮ ಬೈಕಿನ ಮೇಲೆ ಆ ಪೆಟ್ಟಿಗೆ ಹೋಗಬಾರದು. ಪೆಟ್ರೋಲಿಗೆ ಕೊಡುವ ದುಡ್ಡನ್ನು ಬೇಡವೆನ್ನಲು ಗಟ್ಟಿ ಎದೆ ಬೇಕು, ಆ ಎದೆ ನಿಮಗಿದೆ.

ಹಾಗಾದರೆ ಶುರು ಮಾಡಿ. ಈ ವಾರವೇ ನಿಮ್ಮ ಘಟಕದ ಸಭೆ ಕರೆಯಿರಿ. ಕಾಲೇಜಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯೊಳಗೆ ಮುಟ್ಟಬಹುದಾದ ಒಂದೇ ಊರು ಆರಿಸಿ, ದೂರವಾದರೆ ಎರಡನೆಯ ತಿಂಗಳಿಗೆ ಹೋಗುವುದು ನಿಲ್ಲುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಲೇಜಿಗೆ ಕರೆಸಿ ಒಂದು ದಿನದ ತರಬೇತಿ ಪಡೆಯಿರಿ, ಅದಿಲ್ಲದೆ ಯಾರ ಮನೆಗೂ ಹೋಗಬೇಡಿ. ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ‘ಅಕ್ಕಾ, ನಾವು ಕಾಲೇಜಿನವರು, ನಿಮ್ಮ ಜೊತೆ ಬರಬಹುದಾ?’ ಎಂದು ಕೇಳಿ. ಯಾವ ಮನೆಗೆ ಮೊದಲು ಹೋಗಬೇಕೆಂದು ಆಕೆಗೆ ಗೊತ್ತಿರುತ್ತದೆ. ಮೊದಲ ತಿಂಗಳು ಒಬ್ಬರೇ ಒಬ್ಬರು ಆಸ್ಪತ್ರೆಗೆ ಬಂದರೂ ಅದನ್ನು ಸಣ್ಣದೆಂದು ಎಣಿಸಬೇಡಿ. ಅವರಿಗೆ ಮುಂದಿನ ಮಂಗಳವಾರದ ಬಸ್ಸು ಎಷ್ಟು ಗಂಟೆಗೆಂದು ಹೇಳಿ, ನಿಮ್ಮಲ್ಲಿ ಯಾರು ಜೊತೆಗೆ ಹೋಗುತ್ತೀರೆಂದು ಅಲ್ಲೇ ಗೊತ್ತುಮಾಡಿಕೊಂಡು, ಪಕ್ಕದ ಮನೆಗೆ ನಡೆಯಿರಿ.